ನಿಂತ ಬಸ್ಸನ್ನು ಮತ್ತೆ ಊರಿಗೆ ಕರೆಸುವುದು ಹೇಗೆ?

ಬೆಳಗಿನ ಏಳೂವರೆ ಬಸ್ಸು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ‘ಗಾಡಿ ಕೆಟ್ಟಿದೆಯಂತೆ’ ಎಂದರು ಯಾರೋ. ‘ಜಾತ್ರೆ ಸ್ಪೆಷಲ್‌ಗೆ ಹಾಕಿದ್ದಾರಂತೆ’ ಎಂದರು ಇನ್ಯಾರೋ. ಜಾತ್ರೆ ಮುಗಿದು ತಿಂಗಳಾದರೂ ಬಸ್ಸಿನ ಸುಳಿವಿಲ್ಲ. ಅಷ್ಟರಲ್ಲಿ ಗಂಡುಹುಡುಗರು ಒಂದೇ ಬೈಕಿನಲ್ಲಿ ಮೂವರು ಕೂತು ಕಾಲೇಜಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ದುಡಿದದ್ದರಲ್ಲಿ ಒಂದು ಪಾಲನ್ನು ಆಟೊಗೆ ಕೊಡುತ್ತಿರುತ್ತಾರೆ. ಪಿಯುಸಿ ಓದುವ ಹುಡುಗಿಯ ಮನೆಯಲ್ಲಿ ‘ಓದಿದ್ದು ಸಾಕು ಬಿಡು’ ಎಂಬ ಮಾತು ಮೆಲ್ಲಗೆ ಶುರುವಾಗಿರುತ್ತದೆ.

ಆ ಹುಡುಗಿಯನ್ನು ನೆನೆದೇ ಈ ಲೇಖನ ಬರೆಯುತ್ತಿದ್ದೇನೆ. ಬಸ್ಸು ನಿಂತಾಗ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಆಗುವುದು ಎರಡೇ. ಒಂದೋ ಶಾಸಕರು ಊರಿಗೆ ಬಂದಾಗ ಹಾರದ ಜೊತೆಗೆ ಒಂದು ಮನವಿ ಪತ್ರ ಕೊಡುತ್ತೇವೆ, ಇಲ್ಲವೇ ರಸ್ತೆಗೆ ಕಲ್ಲಿಟ್ಟು ಕೂರುತ್ತೇವೆ. ಮನವಿ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಉಳಿಯುತ್ತದೆ. ರಸ್ತೆ ತಡೆಗೆ ಬಸ್ಸು ಬರುತ್ತದೆ ನಿಜ, ಆದರೆ ಹತ್ತು ದಿನಕ್ಕೆ ಮತ್ತೆ ಮಾಯ. ಏಕೆ ಹೀಗಾಗುತ್ತದೆ ಎಂದು ತಿಳಿದುಕೊಂಡರೆ ಏನು ಮಾಡಬೇಕೆಂಬುದೂ ಹೊಳೆಯುತ್ತದೆ.

ಒಂದು ಟ್ರಿಪ್ ಸಾಯುವುದು ಹೇಗೆ?

ಆಗಿನ ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಇಂದು ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ಎಲ್ಲಕ್ಕೂ ಆಧಾರ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರ ಎರಡು ಕಲಂಗಳನ್ನು ನೆನಪಿಟ್ಟುಕೊಳ್ಳಿ. ದಕ್ಷವಾದ, ಸಾಕಷ್ಟಾದ, ಜನರ ಕೈಗೆಟಕುವ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯ ಎನ್ನುತ್ತದೆ 18ನೇ ಕಲಂ. ನಿಗಮವು ವ್ಯವಹಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ 22ನೇ ಕಲಂ. ನಮ್ಮೂರಿನ ಬಸ್ಸು ಓಡುವುದು ಈ ಎರಡರ ನಡುವಿನ ಎಳೆದಾಟದಲ್ಲಿ. ನಾವು ಸೇವೆಯ ಮಾತಾಡುತ್ತೇವೆ, ಡಿಪೊದವರು ಕಲೆಕ್ಷನ್ ಮಾತಾಡುತ್ತಾರೆ. ಇಬ್ಬರ ಮಾತಿಗೂ ಕಾನೂನಿನ ಬೆಂಬಲವಿದೆ.

ಡಿಪೊದಲ್ಲಿ ಒಂದು ಬಸ್ಸು, ಅದರ ಚಾಲಕ ಮತ್ತು ನಿರ್ವಾಹಕರಿಗೆ ದಿನದ ಓಡಾಟದ ಒಂದು ಪಟ್ಟಿ ಇರುತ್ತದೆ. ಅದನ್ನು ಷೆಡ್ಯೂಲ್ ಎನ್ನುತ್ತಾರೆ. ನಿಮ್ಮೂರಿನ ಟ್ರಿಪ್ ಆ ಪಟ್ಟಿಯ ಒಂದು ಸಾಲು. ಗಾಡಿ ಕಡಿಮೆ ಬಿದ್ದಾಗ, ಸಿಬ್ಬಂದಿ ರಜೆ ಹಾಕಿದಾಗ, ಮದುವೆಗೋ ಸಮಾವೇಶಕ್ಕೋ ಬಸ್ಸು ಕೊಡಬೇಕಾದಾಗ ಯಾವ ಸಾಲು ಹೊಡೆಯುವುದು ಎಂದು ಯಾರಾದರೊಬ್ಬರು ತೀರ್ಮಾನಿಸಲೇಬೇಕು. ಕಿಲೋಮೀಟರಿಗೆ ಕಡಿಮೆ ಆದಾಯ ತರುವ, ಹೊಡೆದರೂ ಯಾರೂ ಕೇಳದ ಸಾಲನ್ನೇ ಅವರು ಹೊಡೆಯುತ್ತಾರೆ. ಮೂರು ಸಲ ಹೊಡೆದರೆ ಜನ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಮತ್ತೆ ಬಸ್ಸು ಬಂದಾಗ ಹತ್ತುವವರು ಅರ್ಧಕ್ಕರ್ಧ. ಆಗ ‘ಕಲೆಕ್ಷನ್ ಇಲ್ಲ’ ಎನ್ನುವ ಮಾತು ನಿಜವೇ ಆಗಿಬಿಡುತ್ತದೆ.

ಇಡೀ ವಿಷಯದ ಗುಟ್ಟು ಇಲ್ಲಿದೆ. ಬಸ್ಸು ಹತ್ತಿದವರ ಲೆಕ್ಕ ಟಿಕೆಟ್ ಯಂತ್ರದಲ್ಲಿ ಉಳಿಯುತ್ತದೆ. ಕಾದು ಕಾದು ಆಟೊ ಹತ್ತಿದವರ, ಮನೆಗೆ ವಾಪಸಾದವರ ಲೆಕ್ಕ ಡಿಪೊದಲ್ಲೂ ಇಲ್ಲ, ಪಂಚಾಯಿತಿಯಲ್ಲೂ ಇಲ್ಲ. ಆ ಲೆಕ್ಕವನ್ನು ಊರಿನವರೇ ಬರೆಯಬೇಕು. ಉಳಿದ ಕೆಲಸಗಳೆಲ್ಲ ಅದರ ಮೇಲೆಯೇ ನಿಲ್ಲುತ್ತವೆ.

ಮಾಡಬೇಕಾದ ಕೆಲಸಗಳು

1. ಏನು ನಿಂತಿದೆ ಎಂದು ಮೊದಲು ತಿಳಿಯಿರಿ. ‘ಬಸ್ಸಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಟ್ರಿಪ್ಪನ್ನು ಷೆಡ್ಯೂಲಿನಿಂದಲೇ ತೆಗೆದಿರಬಹುದು. ಕಾಗದದ ಮೇಲೆ ಇದ್ದೂ ಅದು ಪದೇ ಪದೇ ರದ್ದಾಗುತ್ತಿರಬಹುದು. ಅಥವಾ ಬಸ್ಸು ಮುಖ್ಯರಸ್ತೆಯಲ್ಲೇ ಹೋಗಿ, ಒಳಗಿನ ನಿಮ್ಮೂರಿಗೆ ತಿರುಗದೆ ಇರಬಹುದು. ಮೊದಲನೆಯದಕ್ಕೆ ವಿಭಾಗದ ಆದೇಶ ಬೇಕು. ಎರಡನೆಯದನ್ನು ಡಿಪೊ ಮಟ್ಟದಲ್ಲೇ ಸರಿಪಡಿಸಬಹುದು. ಮೂರನೆಯದಕ್ಕೆ ಬಹಳ ಸಲ ಕಾರಣ ರಸ್ತೆಯೇ: ಬಾಗಿದ ಕೊಂಬೆ, ಜೋತುಬಿದ್ದ ತಂತಿ, ಗಾಡಿ ತಿರುಗಿಸಲು ಜಾಗವಿಲ್ಲದ ವೃತ್ತ. ತಾಲ್ಲೂಕು ಬಸ್ ನಿಲ್ದಾಣದಲ್ಲಿ ಕೂರುವ ಸಂಚಾರ ನಿಯಂತ್ರಕರನ್ನು ಕೇಳಿ. ಹಿಂದೆ ನಿಮ್ಮೂರಿಗೆ ಬರುತ್ತಿದ್ದ ಕಂಡಕ್ಟರ್ ಸಿಕ್ಕರೆ ಅವರನ್ನಂತೂ ತಪ್ಪದೆ ಕೇಳಿ. ಅವರಷ್ಟು ಚೆನ್ನಾಗಿ ವಿಷಯ ಗೊತ್ತಿರುವವರು ಇನ್ನೊಬ್ಬರಿಲ್ಲ.

2. ಹದಿನಾಲ್ಕು ದಿನ ಲೆಕ್ಕ ಬರೆಯಿರಿ. ಒಂದು ನೂರು ಪುಟದ ನೋಟ್ ಪುಸ್ತಕ ಸಾಕು. ಗೆರೆ ಎಳೆದು ಏಳು ಕಾಲಂ ಮಾಡಿ: ದಿನಾಂಕ, ಬಸ್ಸಿನ ನಿಗದಿತ ಸಮಯ, ಬಂದ ಸಮಯ (ಬರದಿದ್ದರೆ ‘ಇಲ್ಲ’), ಕಾಯುತ್ತಿದ್ದ ಹೆಂಗಸರು, ಗಂಡಸರು, ವಿದ್ಯಾರ್ಥಿಗಳು ಎಷ್ಟೆಷ್ಟು, ಎಲ್ಲಿಗೆ ಹೊರಟಿದ್ದರು, ಬಸ್ಸಿಲ್ಲದೆ ಏನು ಮಾಡಿದರು, ಅದಕ್ಕೆ ಎಷ್ಟು ಖರ್ಚಾಯಿತು.

ಹದಿನಾಲ್ಕೇ ದಿನ ಏಕೆಂದರೆ ಅದರೊಳಗೆ ಎರಡು ಸಂತೆ, ಎರಡು ಸೋಮವಾರ, ಎರಡು ಭಾನುವಾರ ಬರುತ್ತವೆ. ಸಂತೆ ದಿನ ಮಾತ್ರ ಎಣಿಸಿದರೆ ‘ಅವತ್ತು ಜಾಸ್ತಿ ಇದ್ದೇ ಇರುತ್ತೆ’ ಎಂದು ಡಿಪೊದವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಕಡಿಮೆ ಜನರಿದ್ದ ದಿನವನ್ನೂ ಇದ್ದಂತೆಯೇ ಬರೆಯಿರಿ. ಭಾನುವಾರ ನಾಲ್ಕೇ ಜನ ಇದ್ದರೆ ನಾಲ್ಕೇ ಎಂದು ಬರೆಯಿರಿ. ಆ ನಾಲ್ಕನ್ನು ನೋಡಿದ ಮೇಲೆಯೇ ಅಧಿಕಾರಿ ಸೋಮವಾರದ ಮೂವತ್ತೆಂಟನ್ನು ನಂಬುವುದು.

ಬರೆಯುವವರು ಯಾರು? ನಿಲ್ದಾಣದ ಎದುರಿನ ಚಹಾ ಅಂಗಡಿಯವರು ಬೆಳಗಿನ ಸರದಿಗೆ ಹೇಳಿ ಮಾಡಿಸಿದ ಹಾಗಿರುತ್ತಾರೆ. ಸಂಜೆಯದನ್ನು ತಾಲ್ಲೂಕು ನಿಲ್ದಾಣದಲ್ಲಿ ಕಾಯುವ ಕಾಲೇಜು ಹುಡುಗಿಯರೇ ಬರೆಯಲಿ. ಒಬ್ಬರ ಮೇಲೆಯೇ ಹೊರಿಸಬೇಡಿ, ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಊರೆಂದರೆ ದೊಡ್ಡ ಬೀದಿ ಮಾತ್ರ ಅಲ್ಲ ಎಂಬುದೂ ನೆನಪಿರಲಿ. ಕಾಲೊನಿಯಿಂದ, ತೋಟದ ಲೈನುಗಳಿಂದ, ತಾಂಡಾದಿಂದ ನಡೆದುಬರುವವರು ಎಷ್ಟು ದೂರ ನಡೆದು ಬಂದರು ಎಂಬುದನ್ನೂ ಬರೆಯಿರಿ. ಬಸ್ಸಿನ ಅಗತ್ಯ ಎಲ್ಲರಿಗಿಂತ ಹೆಚ್ಚಿರುವುದು ಅವರಿಗೆ. ಅರ್ಜಿಯಲ್ಲಿ ಬಿಟ್ಟುಹೋಗುವುದೂ ಹೆಚ್ಚಾಗಿ ಅವರ ಹೆಸರೇ.

3. ಕೇಳುವುದನ್ನು ಚಿಕ್ಕದು ಮಾಡಿ. ‘ನಮ್ಮೂರಿಗೆ ಹೊಸ ಬಸ್ಸು ಬೇಕು’ ಎಂದರೆ ಹೊಸ ಗಾಡಿ, ಹೊಸ ಸಿಬ್ಬಂದಿ, ಮೇಲಿನ ಮಂಜೂರಾತಿ ಎಲ್ಲ ಬೇಕು. ನಿಮ್ಮ ಲೆಕ್ಕದ ಪುಸ್ತಕವನ್ನು ಎದುರಿಗಿಟ್ಟುಕೊಂಡು ನೋಡಿ, ಅನೇಕ ಸಲ ಅಷ್ಟು ದೊಡ್ಡದು ಬೇಕಿರುವುದೇ ಇಲ್ಲ. ಎಂಟೂವರೆಗೆ ಬರುವ ಬಸ್ಸನ್ನು ಎಂಟಕ್ಕೆ ತಂದರೆ ಸಾಕಾಗಬಹುದು. ಪಕ್ಕದ ಊರಿಗೆ ಬಂದು ತಿರುಗುವ ಬಸ್ಸು ಮೂರು ಕಿಲೋಮೀಟರ್ ಮುಂದೆ ಬಂದರೆ ಸಾಕಾಗಬಹುದು. ಮುಖ್ಯರಸ್ತೆಯ ಬಸ್ಸುಗಳಿಗೆ ಕೋರಿಕೆ ನಿಲುಗಡೆ ಕೊಟ್ಟರೆ ಸಾಕಾಗಬಹುದು. ಸಮಯ ಬದಲಿಸುವುದಕ್ಕೆ ಹೊಸ ಗಾಡಿ ಬೇಡ, ಹಾಗಾಗಿ ಮೊದಲು ಅದನ್ನೇ ಕೇಳಿ.

ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಬೇಕಾದರೆ ಇನ್ನೊಂದು ಮಾತಿದೆ. ಚಾಲಕ, ನಿರ್ವಾಹಕರು ಎಲ್ಲಿ ಮಲಗುತ್ತಾರೆ? ಶೌಚಾಲಯ ಎಲ್ಲಿದೆ? ಸೊಳ್ಳೆ ಕಚ್ಚಿಸಿಕೊಂಡು ಬಸ್ಸಿನ ಸೀಟಿನ ಮೇಲೆ ಮಲಗಿ, ಬೆಳಿಗ್ಗೆ ಬಯಲಿಗೆ ಹೋಗಬೇಕಾದ ಊರಿನ ಡ್ಯೂಟಿಯನ್ನು ಯಾರೂ ಇಷ್ಟಪಡುವುದಿಲ್ಲ. ಪಂಚಾಯಿತಿಯಿಂದ ಒಂದು ಕೋಣೆ, ಫ್ಯಾನು, ನೀರು, ಶೌಚಾಲಯ ಕೊಡುತ್ತೇವೆಂದು ಬರವಣಿಗೆಯಲ್ಲಿ ಕೊಟ್ಟು ನೋಡಿ. ನಿಮ್ಮ ಅರ್ಜಿಯ ತೂಕವೇ ಬೇರೆಯಾಗುತ್ತದೆ.

4. ಪಂಚಾಯಿತಿಯ ಠರಾವು ಮಾಡಿಸಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಮಾಡಿದ ಪ್ರತಿ ಪಡೆಯಿರಿ. ಇನ್ನೂರು ಜನರ ಸಹಿಗಿಂತ ಈ ಒಂದು ಹಾಳೆಗೆ ಕಚೇರಿಯಲ್ಲಿ ಹೆಚ್ಚು ಬೆಲೆ. ಜೊತೆಗೆ ಕಾಲೇಜಿನ ಪ್ರಾಂಶುಪಾಲರಿಂದ, ನಿಮ್ಮೂರಿನ ಎಷ್ಟು ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದಾರೆ, ತರಗತಿ ಎಷ್ಟು ಗಂಟೆಗೆ ಶುರುವಾಗಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಒಂದು ಪತ್ರ ತನ್ನಿ. ಪಾಸಿನ ವಿದ್ಯಾರ್ಥಿಗಳಿಗೆ ದಿನವೂ ಟಿಕೆಟ್ ಹರಿಯುವುದಿಲ್ಲ, ಆದ್ದರಿಂದ ದಿನದ ಕಲೆಕ್ಷನ್ ನೋಡುವವರಿಗೆ ಅವರು ಕಾಣಿಸುವುದಿಲ್ಲ. ಆ ಪತ್ರ ಅವರನ್ನು ಕಾಣಿಸುತ್ತದೆ.

5. ಒಂದು ಪುಟದ ಅರ್ಜಿ, ಸರಿಯಾದ ವಿಳಾಸ. ಅರ್ಜಿ ಡಿಪೊ ಮ್ಯಾನೇಜರ್, ಅಂದರೆ ಘಟಕ ವ್ಯವಸ್ಥಾಪಕರ ಹೆಸರಿಗಿರಲಿ. ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಹೋಗಲಿ. ಸಾರಿಗೆಯಲ್ಲಿ ಇವರನ್ನೂ ‘ಡಿಸಿ’ ಎಂದೇ ಕರೆಯುತ್ತಾರೆ. ‘ಡಿಸಿ ಸಾಹೇಬರಿಗೆ ಕೊಡಿ’ ಎಂದಿದ್ದನ್ನು ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೊಟ್ಟರೆ ಆ ಕಾಗದ ತಿರುಗಿ ಬರುವ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ ಬಂದಿರುತ್ತದೆ. ಅರ್ಜಿಯಲ್ಲಿ ಮಾರ್ಗ, ಸಮಯ, ಹದಿನಾಲ್ಕು ದಿನದ ಸರಾಸರಿ ಮತ್ತು ನಿಮ್ಮ ಒಂದೇ ಒಂದು ಕೋರಿಕೆ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ.

6. ಐವರು ಹೋಗಿ ಮಾತಾಡಿ. ಐವತ್ತು ಜನ ಹೋದರೆ ಅದು ಘೇರಾವ್ ಆಗುತ್ತದೆ. ಐವರಲ್ಲಿ ಇಬ್ಬರು ಹೆಂಗಸರು, ಒಬ್ಬ ವಿದ್ಯಾರ್ಥಿನಿ ಇರಲೇಬೇಕು. ಮಾತು ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ:

‘ನಿಮ್ಮೂರಿಂದ ಕಲೆಕ್ಷನ್ನೇ ಇಲ್ಲ ಕಣ್ರೀ.’

‘ಎಷ್ಟಿದೆ ಸಾರ್? ಎಷ್ಟಾದ್ರೆ ಓಡಿಸ್ತೀರಿ?’

‘ಅದೆಲ್ಲ ನೋಡಿ ಹೇಳ್ಬೇಕು.’

‘ನಾವು ನೋಡ್ಕೊಂಡು ಬಂದಿದೀವಿ ಸಾರ್. ಬೆಳಿಗ್ಗೆ ದಿನಕ್ಕೆ ಮೂವತ್ತರ ಮೇಲೆ ಜನ ಕಾಯ್ತಾರೆ. ಒಂದು ತಿಂಗಳು ಸಮಯ ಬದಲಾಯಿಸಿ ಓಡಿಸಿ ನೋಡಿ. ಕಲೆಕ್ಷನ್ ಬರದಿದ್ರೆ ನಾವೇ ಮತ್ತೆ ಬಂದು ಮಾತಾಡ್ತೀವಿ.’

‘ಒಂದು ತಿಂಗಳು ಓಡಿಸಿ ನೋಡಿ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಶಾಶ್ವತವಾಗಿ ಒಪ್ಪಿಕೊಳ್ಳಲು ಹಿಂಜರಿಯುವ ಅಧಿಕಾರಿಯೂ ಪ್ರಾಯೋಗಿಕವಾಗಿ ಓಡಿಸಲು ಒಪ್ಪಬಹುದು. ಹೊರಬಂದ ಮೇಲೆ, ಏನು ಮಾತಾಯಿತು ಎಂದು ನಾಲ್ಕು ಸಾಲು ಬರೆದು ಅದನ್ನೂ ಟಪಾಲಿಗೆ ಕೊಡಿ. ಅಧಿಕಾರಿ ವರ್ಗವಾದರೂ ಕಾಗದ ಅಲ್ಲೇ ಉಳಿಯುತ್ತದೆ.

7. ಒಂದು ತಿಂಗಳು ಕಾದರೂ ಆಗದಿದ್ದರೆ ಮೇಲಕ್ಕೆ ಹೋಗಿ. ತಾಲ್ಲೂಕು ಮಟ್ಟದ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ, ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಸಾರಿಗೆಯವರೂ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ಶಾಸಕರಿಗೆ ಮನವಿ ಕೊಡುವುದಾದರೆ ಸಭೆಗೆ ಎರಡು ದಿನ ಮೊದಲು, ಲೆಕ್ಕದ ಪ್ರತಿಯೊಂದಿಗೆ ಕೊಡಿ. ಆಗ ಅದು ಸಭೆಯಲ್ಲಿ ಪ್ರಶ್ನೆಯಾಗುತ್ತದೆ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮಾಹಿತಿ ಹಕ್ಕಿನ ಅರ್ಜಿಯೂ ಉಪಯೋಗಕ್ಕೆ ಬರುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ. ‘ಬಸ್ಸು ಯಾಕೆ ನಿಲ್ಲಿಸಿದಿರಿ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ 2005ರ ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು. ಹೀಗೆ ಕೇಳಿ: ಈ ಮಾರ್ಗದ ಮಂಜೂರಾದ ಷೆಡ್ಯೂಲಿನ ಪ್ರತಿ, ಕಳೆದ ಆರು ತಿಂಗಳಲ್ಲಿ ಈ ಟ್ರಿಪ್ ರದ್ದಾದ ದಿನಗಳ ದಾಖಲೆ, ಅದೇ ಅವಧಿಯ ಟ್ರಿಪ್‌ವಾರು ಆದಾಯದ ದಾಖಲೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. 30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಕೊನೆಯ ಮೆಟ್ಟಿಲು ಕಾಯಂ ಜನತಾ ನ್ಯಾಯಾಲಯ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಗೆ 2002ರಲ್ಲಿ ಸೇರಿದ ಭಾಗದ ಪ್ರಕಾರ ಪ್ರಯಾಣಿಕ ಸಾರಿಗೆ, ನೀರು, ವಿದ್ಯುತ್, ಆಸ್ಪತ್ರೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ವಿವಾದಗಳನ್ನು ಅಲ್ಲಿಗೆ ಒಯ್ಯಬಹುದು. ನ್ಯಾಯಾಲಯ ಶುಲ್ಕವಿಲ್ಲ. ನಿಮ್ಮ ಪ್ರಕರಣ ಅಲ್ಲಿ ನಿಲ್ಲುತ್ತದೆಯೇ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮೊದಲು ವಿಚಾರಿಸಿ.

ನಿಮ್ಮದು ಕರಾವಳಿಯೋ ಮಲೆನಾಡೋ ಆಗಿದ್ದು ಖಾಸಗಿ ಬಸ್ಸು ಟ್ರಿಪ್ ಬಿಟ್ಟಿದ್ದರೆ ದಾರಿ ಬೇರೆ. ಆ ಬಸ್ಸಿಗೆ ಪರ್ಮಿಟ್ ಕೊಟ್ಟಿರುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ಟಿನ ಷರತ್ತು ಮುರಿದರೆ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 86ನೇ ಕಲಂ ಕೊಡುತ್ತದೆ. ದೂರನ್ನು ಆರ್‌ಟಿಒ ಕಚೇರಿಗೆ ಕೊಡಿ. ಅಲ್ಲೂ ನಿಮ್ಮ ಲೆಕ್ಕದ ಪುಸ್ತಕವೇ ಸಾಕ್ಷಿ.

ಬಸ್ಸು ಬಂದ ಮೇಲೆ

ಹೆಚ್ಚಿನ ಊರುಗಳು ಸೋಲುವುದು ಇಲ್ಲಿ. ಬಸ್ಸಿಗೆ ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಮಾರನೆಯ ದಿನ ಬಸ್ಸಿಗಿಂತ ಹತ್ತು ನಿಮಿಷ ಮೊದಲು ಬಂದ ಆಟೊ ಹತ್ತುತ್ತೇವೆ. ಮೊದಲ ಮೂರು ತಿಂಗಳು ಆ ಹತ್ತು ನಿಮಿಷ ಕಾಯಬೇಕು. ಊರಿನ ಒಪ್ಪಂದ ಎಂದೇ ಇದನ್ನು ಸಭೆಯಲ್ಲಿ ಹೇಳಿ.

ಇನ್ನೊಂದು ವಿಷಯ ಹೆಂಗಸರಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಮಹಿಳೆಯರಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ‘ದುಡ್ಡೇ ಇಲ್ಲ, ಟಿಕೆಟ್ ಯಾಕೆ’ ಎಂದು ಬಿಡಬೇಡಿ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೆ. ಟಿಕೆಟ್ ಹರಿಯದಿದ್ದರೆ ಯಂತ್ರದ ಪಾಲಿಗೆ ನೀವು ಬಸ್ಸಿನಲ್ಲಿ ಇರಲೇ ಇಲ್ಲ. ಎರಡು ಸ್ಟಾಪಿನ ಪ್ರಯಾಣವಾದರೂ ಕೇಳಿ ಪಡೆಯಿರಿ. ಗಂಡಸರೂ ಅಷ್ಟೆ, ಐದು ರೂಪಾಯಿ ಕಡಿಮೆ ಕೊಟ್ಟು ಟಿಕೆಟ್ ಇಲ್ಲದೆ ಇಳಿದುಹೋಗುವ ಅಭ್ಯಾಸ ನಿಮ್ಮೂರಿನ ಟ್ರಿಪ್ಪನ್ನೇ ತಿನ್ನುತ್ತದೆ.

ಜನ ಪ್ರೀತಿಸಿದ ಸೇವೆಯೂ ನಿಲ್ಲಬಹುದು ಎನ್ನುವುದಕ್ಕೆ ಕೊಪ್ಪದ ಸಹಕಾರ ಸಾರಿಗೆಯ ಕತೆ ನಮ್ಮ ಕಣ್ಣೆದುರಿಗಿದೆ. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕಟ್ಟಿದ ಆ ಸಂಸ್ಥೆ ಮಲೆನಾಡಿನ ಒಳಹಳ್ಳಿಗಳಿಗೆ ಬಸ್ಸು ಓಡಿಸಿತು, ದೇಶದಾಚೆಯವರೂ ಅಧ್ಯಯನಕ್ಕೆ ಬರುವಷ್ಟು ಹೆಸರು ಮಾಡಿತು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಆ ಸುದ್ದಿ ಓದಿದ ದಿನ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಸಿಟ್ಟನ್ನು ಚಾಲಕ, ನಿರ್ವಾಹಕರ ಮೇಲೆ ತೀರಿಸಿಕೊಳ್ಳುವುದು. ಟ್ರಿಪ್ ಕಟ್ ಮಾಡುವವರು ಅವರಲ್ಲ. ಕೈ ಮಾಡಿದರಂತೂ ಕರ್ತವ್ಯದಲ್ಲಿದ್ದ ಸಾರ್ವಜನಿಕ ನೌಕರರ ಮೇಲಿನ ಹಲ್ಲೆಯ ಕೇಸು ಬೀಳುತ್ತದೆ. ಆ ಊರಿನ ಡ್ಯೂಟಿಗೆ ಮತ್ತೆ ಯಾರೂ ಒಪ್ಪುವುದಿಲ್ಲ.

- ಮೊದಲ ದಿನವೇ ರಸ್ತೆ ತಡೆ. ವಿದ್ಯಾರ್ಥಿಗಳನ್ನು ಮುಂದೆ ಕೂರಿಸುವುದು ಇನ್ನೂ ದೊಡ್ಡ ತಪ್ಪು. ಕೇಸು ದಾಖಲಾದರೆ ಮುಂದೆ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಒದ್ದಾಡುವವರು ಅವರು. ಬೇರೆಲ್ಲ ದಾರಿ ಮುಗಿದ ಮೇಲೆ ಧರಣಿ ಬೇಕೆನಿಸಿದರೆ ಪೊಲೀಸರಿಗೆ ಮೊದಲೇ ತಿಳಿಸಿ, ಡಿಪೊ ಎದುರು ಶಾಂತವಾಗಿ ಕೂರಿ.

- ಪಕ್ಷದ ಬ್ಯಾನರ್ ಕಟ್ಟುವುದು. ಕಟ್ಟಿದ ಕ್ಷಣವೇ ಊರಿನ ಅರ್ಧ ಜನ ದೂರ ಸರಿಯುತ್ತಾರೆ.

- ಸಹಿ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಹೆಣ್ಣುಮಕ್ಕಳ ಹೆಸರು, ಫೋನ್ ನಂಬರು, ಅವರು ದಿನಾ ಬಸ್ಸಿಗೆ ಕಾಯುವ ಹೊತ್ತು ಎಲ್ಲ ಅದರಲ್ಲಿರುತ್ತದೆ. ಅರ್ಜಿಗೆ ಸಂಖ್ಯೆ ಸಾಕು. ಹೆಸರಿನ ಪುಸ್ತಕ ನಂಬಿಕಸ್ತರೊಬ್ಬರ ಬಳಿ ಇರಲಿ.

- ಅಂಕಿ ಹಿಗ್ಗಿಸುವುದು. ಇಪ್ಪತ್ತನ್ನು ಅರವತ್ತು ಮಾಡಿದ್ದು ಪ್ರಾಯೋಗಿಕ ಓಡಾಟದ ಮೊದಲ ವಾರದಲ್ಲೇ ಬಯಲಾಗುತ್ತದೆ.

ಶಾಲೆ, ಆಸ್ಪತ್ರೆಗೂ ಇದೇ ಪುಸ್ತಕ

ಮಕ್ಕಳು ಕಡಿಮೆ ಎಂದು ಸರ್ಕಾರಿ ಶಾಲೆಗೆ ಶಿಕ್ಷಕರನ್ನು ಕೊಡದಿದ್ದಾಗಲೂ ಕೆಲಸ ಇದೇ ಕ್ರಮದಲ್ಲಿ ಸಾಗಬೇಕು. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಪೋಷಕರದೇ ಬಹುಮತ, ಅದರ ಸಭೆಯ ನಡಾವಳಿ ನಿಮ್ಮ ಠರಾವು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗಿದ್ದರೂ ಇಬ್ಬರು ಶಿಕ್ಷಕರಿರಬೇಕು. ಊರಿನಲ್ಲಿ ಶಾಲಾ ವಯಸ್ಸಿನ ಮಕ್ಕಳೆಷ್ಟು, ಹೊರಗೆ ಹೋಗುವವರೆಷ್ಟು, ಏಕೆ ಹೋಗುತ್ತಾರೆ ಎಂದು ಮನೆಮನೆಗೆ ಹೋಗಿ ಬರೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದ ದಿನ ವಾಪಸಾದ ರೋಗಿಗಳನ್ನು ಎಣಿಸಿ. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಕೇಂದ್ರ ಎಂಬುದು ಮಾನದಂಡ. ಅಲ್ಲಿಂದ ಹಿಂದಿರುಗಿ ಖಾಸಗಿ ಆಸ್ಪತ್ರೆಗೆ ಹಣ ಕಟ್ಟಿದವರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಬೇಸಿಗೆ ರಜೆಯಲ್ಲಿ ಎಣಿಸಿದರೆ ವಿದ್ಯಾರ್ಥಿಗಳು ಸಿಗುವುದಿಲ್ಲ, ಸುಗ್ಗಿಯಲ್ಲಿ ಎಣಿಸಿದರೆ ಕೂಲಿಗೆ ಹೋಗುವವರು ಸಿಗುವುದಿಲ್ಲ. ಜೂನ್‌ನಲ್ಲಿ ಶಾಲೆ-ಕಾಲೇಜು ತೆರೆದ ಮೂರನೇ ವಾರ ಒಳ್ಳೆಯ ಹೊತ್ತು. ಈಗಲೇ ನಿಮ್ಮ ಓಣಿಯ ಇಬ್ಬರನ್ನು, ಪಕ್ಕದ ಕೇರಿಯ ಇಬ್ಬರನ್ನು ಮಾತಾಡಿಸಿ ಇಟ್ಟುಕೊಳ್ಳಿ. ನೋಟ್ ಪುಸ್ತಕದ ಮೊದಲ ಪುಟದಲ್ಲಿ ಊರಿನ ಹೆಸರು ಬರೆದು, ಏಳು ಕಾಲಂಗೆ ಗೆರೆ ಎಳೆದಿಡಿ.